ಮಾಲೀಕರೇ ಇಲ್ಲದ ಜ್ಯಾಂಗೊ ನಾಳೆ ನಿಂತುಹೋದರೆ?

ಎಪಿಎಂಸಿಯ ದಲಾಲಿ ಅಂಗಡಿಯವರು, ಮಂಡಿಪೇಟೆಯ ಸಗಟು ವ್ಯಾಪಾರಿಗಳು, ವಿದ್ಯಾನಗರದ ಕೋಚಿಂಗ್ ಸೆಂಟರ್‌ನವರು, ಯಾರಿಗೇ ಆಗಲಿ ಲೆಕ್ಕದ ಸಾಫ್ಟ್‌ವೇರನ್ನು ಜ್ಯಾಂಗೊದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್) ಮಾಡಿಕೊಡುತ್ತೇವೆ ಎಂದಾಗ ಮೊದಲು ಬರುವ ಪ್ರಶ್ನೆ ಇದು: “ಅದಕ್ಕೆ ಕಂಪನಿ ಇಲ್ಲ, ಮಾಲೀಕರಿಲ್ಲ ಅಂತೀರಿ. ಪುಕ್ಕಟೆ ಸಿಗೋದು ನಾಳೆ ನಿಂತುಹೋದ್ರೆ ನಮ್ಮ ಲೆಕ್ಕದ ಗತಿ ಏನು ಸರ್?” ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಇದನ್ನೇ ಬೇರೆ ಚಿಂತೆಯಿಂದ ಕೇಳುತ್ತಾರೆ: “ಈಗ ಕಲಿತರೆ ಐದು ವರ್ಷ ಬಿಟ್ಟು ಇರ್ತದಾ?”

ಕೇಳಬೇಕಾದ ಪ್ರಶ್ನೆಯೇ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟದ್ದು) ಅಂದಮೇಲೆ ನಿಲ್ಲುವ ಮಾತೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರೆದವರು ಬೇಸತ್ತು ಕೈಬಿಟ್ಟ ಯೋಜನೆಗಳು ಬೇಕಾದಷ್ಟಿವೆ. ನೋಡಬೇಕಾದದ್ದು ಮೂರು ಸಂಗತಿ: ಯಾರೂ ಇಷ್ಟಪಟ್ಟು ಮಾಡದ ದಿನನಿತ್ಯದ ಕೆಲಸವನ್ನು ಅಲ್ಲಿ ಯಾರು ಮಾಡುತ್ತಾರೆ, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ಮುಂದಿನ ಎಷ್ಟು ವರ್ಷದ ತಾರೀಕುಗಳನ್ನು ಈಗಲೇ ಹೇಳಿದ್ದಾರೆ. ಈ ಮೂರಕ್ಕೂ ಜ್ಯಾಂಗೊ ಬಳಿ ಉತ್ತರ ಇದೆ. ನಿಂತುಹೋಗುವ ಭಯ ಪಡಬೇಕಾದದ್ದು ಫ್ರೇಮ್‌ವರ್ಕ್ ಬಗ್ಗೆ ಅಲ್ಲ, ಅದರ ಮೇಲೆ ಕಟ್ಟಿಸಿ ಮತ್ತೆ ಮುಟ್ಟದೆ ಬಿಟ್ಟ ನಮ್ಮ ನಮ್ಮ ಸಾಫ್ಟ್‌ವೇರ್ ಬಗ್ಗೆ.

ಜ್ಯಾಂಗೊ ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕೆ ಲಾರೆನ್ಸ್ ಜರ್ನಲ್-ವರ್ಲ್ಡ್‌ನಲ್ಲಿ. ಆ ಊರು ದಾವಣಗೆರೆಗಿಂತ ಎಷ್ಟೋ ಚಿಕ್ಕದು ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳು ನೆನಪಿಡಬೇಕು. ಅಲ್ಲಿನ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಶುರು ಮಾಡಿದರು; ಜೇಕಬ್ ಕ್ಯಾಪ್ಲನ್-ಮಾಸ್ ಆಮೇಲೆ ಸೇರಿದರು. ಪತ್ರಿಕೆಯಲ್ಲಿ ಬೆಳಗ್ಗೆ ಕೇಳಿದ ಪುಟ ಸಂಜೆಗೆ ಬೇಕು. ವರದಿಗಾರರು ಪ್ರೋಗ್ರಾಮರ್‌ಗೆ ಕಾಯದೆ ತಾವೇ ಮಾಹಿತಿ ತುಂಬುವಂತಿರಬೇಕು. ಈ ಎರಡು ಒತ್ತಡದಿಂದಲೇ ಜ್ಯಾಂಗೊದ ಅಡ್ಮಿನ್ (ಮಾಹಿತಿ ತುಂಬುವ, ತಿದ್ದುವ ಸಿದ್ಧ ಪುಟಗಳು) ಬಂತು. ಲಾಟ್ ನಂಬರ್, ರೈತರ ಹೆಸರು, ತೂಕ, ದರ, ಹಮಾಲಿ ಎಂದು ಮಾಡೆಲ್‌ನಲ್ಲಿ (ಯಾವ ಮಾಹಿತಿ ಇಡಬೇಕು ಎಂದು ಹೇಳುವ ಕೋಡ್) ಬರೆದು ನೋಂದಾಯಿಸಿದರೆ ಸಾಕು. ಲಾಗಿನ್, ಪಟ್ಟಿ, ಫಾರಂ ಎಲ್ಲ ಸಿದ್ಧ, ಗುಮಾಸ್ತರು ಅಂದೇ ಎಂಟ್ರಿ ಶುರು ಮಾಡಬಹುದು. ಜ್ಯಾಂಗೊ ಹರಡಲು ಇದು ದೊಡ್ಡ ಕಾರಣ. ಒಂದು ಎಚ್ಚರಿಕೆ: ಅಡ್ಮಿನ್ ಇರುವುದು ಅಂಗಡಿಯೊಳಗಿನ ನಂಬಿಕಸ್ಥರಿಗೆ ಮಾತ್ರ. ಗಿರಾಕಿಗಳಿಗೆ, ರೈತರಿಗೆ ಅದನ್ನೇ ತೆರೆದುಕೊಡಬಾರದು, ಅವರಿಗೆ ಬೇರೆ ಪುಟ ಬರೆಯಬೇಕು.

2005ರ ಜುಲೈನಲ್ಲಿ ಇದನ್ನು ಬಿಎಸ್‌ಡಿ ಲೈಸೆನ್ಸ್ ಅಡಿ ಬಿಡುಗಡೆ ಮಾಡಿದರು. ಬಳಸಿ, ಬದಲಿಸಿ, ಮಾರಿ. ಮೂಲ ಹಕ್ಕುಸ್ವಾಮ್ಯದ ಸೂಚನೆ ತೆಗೆಯಬೇಡಿ, ಬರೆದವರ ಮೇಲೆ ಹೊಣೆ ಹೊರಿಸಬೇಡಿ, ಅವರ ಹೆಸರು ಹೇಳಿಕೊಂಡು ಪ್ರಚಾರ ಮಾಡಬೇಡಿ. ಷರತ್ತು ಇಷ್ಟೇ. ಹಾಗಾಗಿ ನಿಮ್ಮ ಸರ್ವರ್‌ನಲ್ಲಿರುವ ಪ್ರತಿಯನ್ನು ಯಾರೂ ಬಂದು ಕಿತ್ತುಕೊಳ್ಳುವಂತಿಲ್ಲ.

ಮೊದಲ ವರ್ಷಗಳು ಸಲೀಸಾಗಿರಲಿಲ್ಲ. 2006ರ 0.95 ವರ್ಷನ್‌ನಲ್ಲಿ ತೆರೆಮರೆಯಲ್ಲಿ ತಾನಾಗೇ ನಡೆಯುತ್ತಿದ್ದ ಕಣ್ಕಟ್ಟನ್ನೆಲ್ಲ ತೆಗೆದು ಮಾಡೆಲ್ ಬರೆಯುವ ಕ್ರಮವನ್ನೇ ಬದಲಿಸಿದರು. ಆಗಲೇ ಬಳಸುತ್ತಿದ್ದವರು ಕೋಡ್ ತಿರುಗಿ ಬರೆಯಬೇಕಾಯಿತು. 2008ರ ಸೆಪ್ಟೆಂಬರಿನಲ್ಲಿ 1.0 ಬಂದ ಮೇಲೆ, ಮುನ್ಸೂಚನೆ ಕೊಡದೆ ಹಳೆಯದನ್ನು ಮುರಿಯುವುದಿಲ್ಲ ಎಂಬ ಮಾತು ಕೊಟ್ಟರು. ಲಾಭದ ಉದ್ದೇಶವಿಲ್ಲದ ಜ್ಯಾಂಗೊ ಸಾಫ್ಟ್‌ವೇರ್ ಫೌಂಡೇಶನ್ ಆದದ್ದೂ ಅದೇ ವರ್ಷ.

ನಮ್ಮ ಪ್ರಶ್ನೆಗೆ ಮುಖ್ಯವಾದ ವರ್ಷ 2014. ಆ ಜನವರಿಯಲ್ಲಿ ಹೊಲೊವಾಟಿ ಮತ್ತು ಕ್ಯಾಪ್ಲನ್-ಮಾಸ್ ‘ಕೊನೆಯ ಮಾತು ನಮ್ಮದು’ ಎಂಬ ಅಧಿಕಾರವನ್ನು ಬಿಟ್ಟುಕೊಟ್ಟರು. ಮಾಲೀಕರು ಬಿಟ್ಟುಹೋದರೆ ಎಂದು ನೀವು ಕೇಳುತ್ತಿರುವುದು ಅಲ್ಲಿ ಆಗಿಹೋಗಿದೆ, ಆಮೇಲೂ ಬಿಡುಗಡೆಗಳು ನಿಲ್ಲಲಿಲ್ಲ. ಅದೇ ವರ್ಷ ಫೌಂಡೇಶನ್ ‘ಫೆಲೋ’ ಎಂಬ ಸಂಬಳದ ಕೆಲಸ ಹುಟ್ಟುಹಾಕಿತು. ಮೊದಲ ಫೆಲೋ ಟಿಮ್ ಗ್ರಹಾಂ; ಆಮೇಲೆ ಕಾರ್ಲ್ಟನ್ ಗಿಬ್ಸನ್, ಮಾರಿಯುಷ್ ಫೆಲಿಸಿಯಾಕ್ ಬಂದರು. ಸ್ವಯಂಸೇವಕರಿಗೆ ಹೊಸ ಸೌಲಭ್ಯ ಬರೆಯುವುದೆಂದರೆ ಹುರುಪು. ಬಂದ ದೂರುಗಳನ್ನು ವಿಂಗಡಿಸುವುದು, ಬೇರೆಯವರ ಪ್ಯಾಚ್ (ಕೋಡ್ ತಿದ್ದುಪಡಿ) ಓದಿ ತಿದ್ದಿಸುವುದು, ಭದ್ರತಾ ದೋಷ ಮುಚ್ಚುವುದು, ಹೇಳಿದ ದಿನ ಬಿಡುಗಡೆ ಮಾಡುವುದು, ಇವು ಹುರುಪಿನ ಮೇಲೆ ವರ್ಷಗಟ್ಟಲೆ ನಡೆಯುವುದಿಲ್ಲ. ಫೆಲೋಗಳಿಗೆ ಸಂಬಳ ಕೊಡುವುದು ಮುಖ್ಯವಾಗಿ ಇದಕ್ಕೇ. ದುಡ್ಡು ಬರುವುದು ಬಳಸುವ ಕಂಪನಿಗಳ ಮತ್ತು ವ್ಯಕ್ತಿಗಳ ದೇಣಿಗೆಯಿಂದ. ಜ್ಯಾಂಗೊ ತೆಗೆದುಕೊಂಡ ನಿರ್ಧಾರಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. 2020ರಲ್ಲಿ ‘ಕೋರ್ ತಂಡ’ ಎಂಬ ಮೇಲ್ವರ್ಗವನ್ನೂ ವಿಸರ್ಜಿಸಿದರು. ಕೋಡ್ ಸೇರಿಸುವ ಹಕ್ಕು ಕೆಲವೇ ಜನರ ಕೈಗೆ, ದೊಡ್ಡ ತಾಂತ್ರಿಕ ತೀರ್ಮಾನ ಚುನಾಯಿತ ಸಮಿತಿಗೆ.

ಹೊರಗಿನ ಕೆಲಸ ಒಳಗೆ ಬರುವ ದಾರಿಯೂ ಇದೆ. ಡೇಟಾಬೇಸ್ ಟೇಬಲ್ ಬದಲಿಸುವ ಮೈಗ್ರೇಶನ್ ಮೊದಲು ಜ್ಯಾಂಗೊದಲ್ಲಿ ಇರಲಿಲ್ಲ. ಆಂಡ್ರ್ಯೂ ಗಾಡ್ವಿನ್ ಬರೆದ ಸೌತ್ ಎಂಬ ಪ್ಯಾಕೇಜನ್ನು ಬಹಳ ಜನ ಬಳಸುತ್ತಿದ್ದರು. ಅದನ್ನು ಜ್ಯಾಂಗೊದೊಳಗೇ ಹೊಸದಾಗಿ ಕಟ್ಟಲು ಅವರು 2013ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಚಂದಾ ಎತ್ತುವ ಜಾಲತಾಣದಲ್ಲಿ 2,500 ಪೌಂಡ್ ಕೇಳಿದರು; ಬಳಕೆದಾರರು ಸುಮಾರು 18,000 ಪೌಂಡ್ ಕೊಟ್ಟರು. 2014ರ ಸೆಪ್ಟೆಂಬರಿನ 1.7ರಲ್ಲಿ ಅದು ಬಂತು.

ಇನ್ನು ತಾರೀಕು. ಎಂಟು ತಿಂಗಳಿಗೊಂದು ಹೊಸ ವರ್ಷನ್. ಪ್ರತಿ ಮೂರನೆಯದು, ಅಂದರೆ ಕೊನೆಯಲ್ಲಿ .2 ಇರುವುದು, ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ವರ್ಷನ್). ಅದಕ್ಕೆ ಮೂರು ವರ್ಷ ಭದ್ರತಾ ಬೆಂಬಲ. 4.2ಕ್ಕೆ 2026ರ ಏಪ್ರಿಲ್ ತನಕ, 2025ರ ಏಪ್ರಿಲ್‌ನಲ್ಲಿ ಬಂದ 5.2ಕ್ಕೆ 2028ರ ಏಪ್ರಿಲ್ ತನಕ. ಅಂಗಡಿ ಕೆಲಸಕ್ಕೆ ಎಲ್‌ಟಿಎಸ್ ಬಿಟ್ಟು ಬೇರೆ ಹಾಕಬೇಡಿ. ಎಂಟು ತಿಂಗಳಿಗೊಮ್ಮೆ ಬದಲಿಸಲು ಯಾವ ಮಂಡಿಯೂ ದುಡ್ಡು ಕೊಡುವುದಿಲ್ಲ. ಎರಡು ಎರಡೂವರೆ ವರ್ಷಕ್ಕೊಮ್ಮೆಯ ಅಪ್‌ಗ್ರೇಡ್ ಖರ್ಚನ್ನು ಮೊದಲ ಕೊಟೇಶನ್‌ನಲ್ಲೇ ಬರೆದು ಒಪ್ಪಿಸಿಕೊಳ್ಳಿ. ಬರೆಯದಿದ್ದರೆ ಅಪ್‌ಗ್ರೇಡ್ ಆಗುವುದೇ ಇಲ್ಲ. ಐದಾರು ವರ್ಷ ಬಿಟ್ಟು ಸರ್ವರ್ ಕೈಕೊಟ್ಟಾಗ ಹಳೇ ಪೈಥಾನ್ ಸಿಗದೆ, ಹಳೇ ಪ್ಯಾಕೇಜ್ ಕೂರದೆ ಒದ್ದಾಟ ಶುರುವಾಗುತ್ತದೆ. “ಜ್ಯಾಂಗೊ ನಿಂತುಹೋಯ್ತು” ಎಂಬ ಮಾತು ಹುಟ್ಟುವುದು ಬಹುಪಾಲು ಇಂಥ ಕಡೆ.

ಅಪ್‌ಗ್ರೇಡ್ ಮಾಡುವಾಗ ಒಂದೊಂದೇ ಎಲ್‌ಟಿಎಸ್ ಮೆಟ್ಟಿಲು ಹತ್ತಿ: 3.2ರಿಂದ 4.2, ಅಲ್ಲಿಂದ 5.2. ಮೊದಲು ಡೇಟಾಬೇಸ್ ಬ್ಯಾಕಪ್ ತೆಗೆದು, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತಿರುಗಿ ಎತ್ತಿ ನೋಡಿ. ಎತ್ತಿ ನೋಡದ ಬ್ಯಾಕಪ್ ಲೆಕ್ಕಕ್ಕಿಲ್ಲ. ಆಮೇಲೆ ಈಗಿರುವ ವರ್ಷನ್‌ನಲ್ಲೇ ಟೆಸ್ಟ್ ಓಡಿಸಿ, ಪೈಥಾನ್‌ಗೆ -Wa ಆಯ್ಕೆ ಕೊಟ್ಟು (ಡಬ್ಲ್ಯು ದೊಡ್ಡಕ್ಷರ, ಎ ಚಿಕ್ಕಕ್ಷರ). ಮುಂದೆ ಯಾವ ವರ್ಷನ್‌ನಲ್ಲಿ ಏನು ತೆಗೆದುಹಾಕುತ್ತಾರೆ ಎಂಬ ಎಚ್ಚರಿಕೆಗಳು ಸಾಲಾಗಿ ಬರುತ್ತವೆ. ಅವನ್ನೆಲ್ಲ ತಿದ್ದಿದ ಮೇಲೆ ವರ್ಷನ್ ಏರಿಸಿ. ಬೇರೆಯವರ ಪ್ಯಾಕೇಜುಗಳು ಹೊಸದಕ್ಕೆ ಸಿದ್ಧವಿವೆಯೇ ಎಂದು ಒಂದೊಂದನ್ನೂ ನೋಡಿ. ನಮ್ಮ ಕೋಡ್‌ಗಿಂತ ಹೆಚ್ಚಾಗಿ ಅಪ್‌ಗ್ರೇಡ್ ಸಿಕ್ಕಿಕೊಳ್ಳುವುದು ಅಲ್ಲೇ. ಸರ್ವರ್ ಕೂಡ ನೋಡಬೇಕು: 5.2ಕ್ಕೆ ಪೈಥಾನ್ 3.10, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವುದಾದರೆ ಅದರ 14 ಕನಿಷ್ಠ. ಸರ್ವರಿಗೆ ಹಾಕುವ ಉಬುಂಟು ಲಿನಕ್ಸ್ 22.04ರಲ್ಲಿ ಇವೆರಡೂ ಇವೆ, 20.04ರಲ್ಲಿ ಇಲ್ಲ.

ವ್ಯಾಪಾರದವರ ಲೆಕ್ಕವನ್ನೇ ಕೆಡಿಸಬಲ್ಲ ಒಂದು ಬದಲಾವಣೆಯನ್ನು ಬಿಡಿಸಿ ಹೇಳಬೇಕು. ವೇಳೆಯನ್ನು ಟೈಮ್‌ಝೋನ್ ಸಮೇತ ಇಡಬೇಕೇ ಎಂದು ಹೇಳುವ ‘ಯೂಸ್ ಟಿಝಡ್’ (USE_TZ) ಎಂಬ ಸೆಟ್ಟಿಂಗ್ ಬರೆಯದೇ ಬಿಟ್ಟಿದ್ದರೆ 4.2ರ ತನಕ ಅದು ‘ಇಲ್ಲ’ ಎಂದಿತ್ತು, 5.0ರಿಂದ ‘ಹೌದು’ ಎಂದಾಯಿತು. ಎಸ್‌ಕ್ಯುಲೈಟ್ ಅಥವಾ ಮೈಎಸ್‌ಕ್ಯುಎಲ್ ಡೇಟಾಬೇಸ್ ಇದ್ದರೆ ಹಳೇ ಬಿಲ್ಲಿನ ವೇಳೆ ನಮ್ಮೂರಿನ ಗಡಿಯಾರದಂತೆ ದಾಖಲಾಗಿರುತ್ತದೆ. ಅಪ್‌ಗ್ರೇಡ್ ಆದಮೇಲೆ ಜ್ಯಾಂಗೊ ಅದನ್ನೇ ಯುಟಿಸಿ (ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ವೇಳೆ) ಎಂದು ಓದಿ, ಐದೂವರೆ ತಾಸು ಸೇರಿಸಿ ತೋರಿಸುತ್ತದೆ. ಸಂಜೆ 7ಕ್ಕೆ ಹಾಕಿದ ಬಿಲ್ಲು ಮರುದಿನ ನಸುಕಿನ 12.30ಕ್ಕೆ ಹೋಗಿ ಕೂರುತ್ತದೆ. ಎಲ್ಲೂ ಎರರ್ ಬರುವುದಿಲ್ಲ, ದಿನವಹಿ ಮೊತ್ತ ಮಾತ್ರ ತಾಳೆಯಾಗುವುದಿಲ್ಲ. ತಿಂಗಳ ಕೊನೆಯ ದಿನದ ಬಿಲ್ಲಾದರೆ ಜಿಎಸ್‌ಟಿ ತಿಂಗಳೇ ಬದಲಾಗುತ್ತದೆ. ಆದ್ದರಿಂದ ಏರಿಸುವ ಮೊದಲೇ ಸೆಟ್ಟಿಂಗ್ಸ್ ಕಡತದಲ್ಲಿ ಆ ಸಾಲನ್ನು ‘ಇಲ್ಲ’ ಎಂದೇ ಬರೆದಿಡಿ. ಹಳೇ ದಾಖಲೆಗಳನ್ನು ಯುಟಿಸಿಗೆ ಬದಲಿಸಿದ ಮೇಲಷ್ಟೇ ‘ಹೌದು’ ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಜ್ಯಾಂಗೊ ಟೈಮ್‌ಝೋನ್ ಸಮೇತವೇ ಉಳಿಸುವುದರಿಂದ ಅಲ್ಲಿ ಈ ಫಜೀತಿ ಇಲ್ಲ.

ಉಳಿದವು ಕಣ್ಣಿಗೆ ಕಾಣುವ ತೊಂದರೆ, ಬೇಗ ತಿದ್ದಬಹುದು. 4.0ರಿಂದ ನಂಬಿಕಸ್ಥ ಡೊಮೇನ್‌ಗಳ ಪಟ್ಟಿಯಲ್ಲಿ ಹೆಸರಿಗಿಂತ ಮೊದಲು https:// ಬರೆಯಲೇಬೇಕು. ಇಲ್ಲದಿದ್ದರೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಿಂದಿರುವ ಸೈಟ್‌ನಲ್ಲಿ ಲಾಗಿನ್ ಒತ್ತಿದೊಡನೆ 403 ಬರಬಹುದು. 5.0ರಿಂದ ಲಾಗೌಟ್ ಬರೀ ಲಿಂಕ್ ಆಗಿದ್ದರೆ 405 ಬರುತ್ತದೆ. ಅದನ್ನು ಪೋಸ್ಟ್ ಮಾಡುವ ಬಟನ್ ಮಾಡಿ.

ವಿದ್ಯಾರ್ಥಿಗಳು ಕೇಳುವ “ಇರ್ತದಾ?” ಎಂಬುದಕ್ಕೆ ಒಳಗೆ ಹೋಗಿ ನೋಡುವುದೇ ಒಳ್ಳೆಯ ಉತ್ತರ, ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಜ್ಯಾಂಗೊ ಕೋಡ್ ಗಿಟ್‌ಹಬ್‌ನಲ್ಲಿದೆ, ದೂರುಗಳು (ಟಿಕೆಟ್‌ಗಳು) ಟ್ರ್ಯಾಕ್ ಎಂಬ ಬೇರೆ ಜಾಗದಲ್ಲಿವೆ. ಕೋಡ್ ಫೋರ್ಕ್ ಮಾಡಿ ಇಳಿಸಿಕೊಂಡು, ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಎಡಿಟಬಲ್ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿ, ಟೆಸ್ಟ್ಸ್ ಫೋಲ್ಡರಿನ ರನ್‌ಟೆಸ್ಟ್ಸ್ ಕಡತವನ್ನು ಓಡಿಸಿ. ಎಸ್‌ಕ್ಯುಲೈಟ್ ಸಾಕು, ಬೇರೆ ಡೇಟಾಬೇಸ್ ಬೇಡ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಇಡೀ ಸರಣಿ ಓಡಿಸದೆ ಒಂದು ಭಾಗದ ಹೆಸರು ಕೊಟ್ಟು ಓಡಿಸಿ.

ಮೊದಲ ದಿನವೇ ಕೋಡ್ ಬರೆಯಲು ಹೋಗಬೇಡಿ. ‘ಅನ್‌ರಿವ್ಯೂಡ್’ ಎಂದಿರುವ ಟಿಕೆಟ್ ತೆರೆದು, ಹೇಳಿದ ದೋಷ ನಿಮ್ಮಲ್ಲೂ ಬರುತ್ತದೆಯೇ ನೋಡಿ, ಯಾವ ವರ್ಷನ್‌ನಿಂದ ಶುರುವಾಯಿತು ಎಂದು ಗಿಟ್ ಬೈಸೆಕ್ಟ್‌ನಿಂದ (ಹಳೇ ಬದಲಾವಣೆಗಳನ್ನು ಅರ್ಧರ್ಧ ಮಾಡಿ ಹುಡುಕುವ ಆಜ್ಞೆ) ಹುಡುಕಿ ಬರೆಯಿರಿ. ಫೆಲೋಗಳ ಸಮಯ ಉಳಿಯುತ್ತದೆ, ನಿಮಗೆ ಒಳಗಿನ ರಚನೆ ತಿಳಿಯುತ್ತದೆ. ಆಮೇಲೆ ‘ಈಸಿ ಪಿಕಿಂಗ್ಸ್’ ಗುರುತಿನ, ‘ಆಕ್ಸೆಪ್ಟೆಡ್’ ಆಗಿರುವ, ಯಾರೂ ಹಿಡಿದುಕೊಂಡಿಲ್ಲದ ಟಿಕೆಟ್ ಆರಿಸಿ. “ದಯವಿಟ್ಟು ನನಗೆ ಕೊಡಿ” ಎಂದು ಕೇಳುತ್ತ ಕೂರಬೇಡಿ, ನಿಮ್ಮ ಹೆಸರಿಗೆ ನೀವೇ ಹಾಕಿಕೊಳ್ಳಬಹುದು.

ಹೊಸಬರ ಪ್ಯಾಚ್ ವಾಪಸ್ ಬರುವುದು ಹೆಚ್ಚಾಗಿ ಟೆಸ್ಟ್ ಇಲ್ಲದ್ದಕ್ಕೆ, ಅಥವಾ ತಿದ್ದುಪಡಿ ಇಲ್ಲದೆಯೂ ಪಾಸಾಗುವ ಟೆಸ್ಟ್ ಬರೆದದ್ದಕ್ಕೆ. ಮೊದಲು ಟೆಸ್ಟ್ ಬರೆದು ಅದು ಫೇಲಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಕೋಡ್ ತಿದ್ದಿ. ನಡವಳಿಕೆ ಬದಲಾಗುತ್ತಿದ್ದರೆ ಡಾಕ್ಯುಮೆಂಟೇಶನ್ ಕೂಡ ಅದೇ ಪ್ಯಾಚ್‌ನಲ್ಲಿ ಇರಬೇಕು. ಅಕ್ಷರ ತಪ್ಪು ತಿದ್ದಲು ಟಿಕೆಟ್ ಬೇಕಿಲ್ಲ. ಭದ್ರತಾ ದೋಷ ಕಂಡರೆ ಟ್ರ್ಯಾಕ್‌ನಲ್ಲಿ ಬರೆಯಲೇಬಾರದು; ಅದಕ್ಕೆಂದೇ ಇರುವ ಇಮೇಲ್ ವಿಳಾಸಕ್ಕೆ ಗುಟ್ಟಾಗಿ ಕಳಿಸಬೇಕು.

ಕನ್ನಡ ಬಲ್ಲವರಿಗೆ ಇನ್ನೊಂದು ಕೆಲಸವಿದೆ. ಜ್ಯಾಂಗೊದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಲ್ಯಾಂಗ್ವೇಜ್ ಕೋಡ್‌ಗೆ ‘ಕೆಎನ್’ ಕೊಟ್ಟರೆ ಅನುವಾದವಾದ ಸಾಲುಗಳಷ್ಟು ಅಡ್ಮಿನ್ ಕನ್ನಡದಲ್ಲಿ ಬರುತ್ತದೆ. ಅನುವಾದ ನಡೆಯುವುದು ಟ್ರಾನ್ಸಿಫೆಕ್ಸ್ ಎಂಬ ಜಾಲತಾಣದಲ್ಲಿ. ಅಲ್ಲಿ ಕನ್ನಡ ತಂಡ ಸೇರಲು ಕೇಳಿಕೊಳ್ಳಬೇಕು. ಶೇಕಡಾ ಚಿಹ್ನೆಯಿಂದ ಶುರುವಾಗುವ ಜಾಗಸೂಚಕಗಳನ್ನು ಒಂದಕ್ಷರವೂ ಬದಲಿಸದೆ ಹಾಗೇ ಇಡಿ, ಏಕವಚನ ಬಹುವಚನ ಎರಡನ್ನೂ ತುಂಬಿ. ಗುಮಾಸ್ತರು ದಿನವೂ ನೋಡುವ ‘ಉಳಿಸಿ’, ‘ಅಳಿಸಿ’ಯಂಥ ಸಾಲುಗಳಿಂದ ಶುರು ಮಾಡಿದರೆ ಅದು ಮಂಡಿಗೆ ಬೇಗ ಉಪಯೋಗಕ್ಕೆ ಬರುತ್ತದೆ. ಗಿಟ್‌ಹಬ್‌ಗೆ ನೇರವಾಗಿ ಅನುವಾದದ ಪ್ಯಾಚ್ ಕಳಿಸಿದರೆ ತೆಗೆದುಕೊಳ್ಳುವುದಿಲ್ಲ.

ಕಾಲೇಜಿನಲ್ಲಿ ಗುಂಪು ಕಟ್ಟಬೇಕೆಂದಿದ್ದರೆ ಜ್ಯಾಂಗೊ ಗರ್ಲ್ಸ್ ಮಾದರಿ ನೋಡಿ. 2014ರ ಜುಲೈನಲ್ಲಿ ಬರ್ಲಿನ್‌ನಲ್ಲಿ ಓಲಾ ಸಿತಾರ್ಸ್ಕಾ, ಓಲಾ ಸೆಂಡೆಟ್ಸ್ಕಾ ಎಂಬಿಬ್ಬರು ಶುರು ಮಾಡಿದ ಕಾರ್ಯಾಗಾರ ಅದು. ಕಲಿಯುವವರಿಗೆ ಶುಲ್ಕವಿಲ್ಲ, ಪಾಠವೆಲ್ಲ ಬಿಟ್ಟಿ ಸಿಗುತ್ತದೆ, ಮೂವರಿಗೆ ಒಬ್ಬ ಮಾರ್ಗದರ್ಶಕ. ಹಿಂದಿನ ಸಂಜೆಯೇ ಎಲ್ಲರ ಲ್ಯಾಪ್‌ಟಾಪಿಗೆ ಪೈಥಾನ್ ಹಾಕಿಸಿ. ಮೂವತ್ತು ಜನ ಒಂದೇ ವೈಫೈನಲ್ಲಿ ಒಟ್ಟಿಗೆ ಇಳಿಸಲು ಕೂತರೆ ಬೆಳಗಿನ ಹೊತ್ತು ಪೂರಾ ಹೋಗುತ್ತದೆ. ಪೈಥಾನ್ ಇನ್‌ಸ್ಟಾಲರ್ ಮತ್ತು ಜ್ಯಾಂಗೊ ವೀಲ್ ಕಡತಗಳನ್ನು (ಇನ್‌ಸ್ಟಾಲ್ ಮಾಡಲು ಸಿದ್ಧವಿರುವ ಪ್ಯಾಕೇಜ್) ನಾಲ್ಕೈದು ಪೆನ್‌ಡ್ರೈವ್‌ಗೆ ತುಂಬಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಪಾತ್‌ಗೆ ಸೇರಿಸುವ ಚೌಕಕ್ಕೆ ಟಿಕ್ ಹಾಕದೇ ಬಿಡುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಮಾರ್ಗದರ್ಶಕರು ಮೊದಲು ಅದನ್ನೇ ನೋಡಲಿ.