ಕಪಾಟಿಗೆ ಕಟ್ಟಿದ ಲೋಲಕ: ಕಾಣೆಯಾಗಿದ್ದ 3 ಸೆಂ.ಮೀ.

ಕಲಬುರಗಿಯ ನಮ್ಮ ಮನೆಯಲ್ಲೇ ಗುರುತ್ವದ ಬೆಲೆ, ಅಂದರೆ 'ಜಿ' (ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಹೆಚ್ಚುತ್ತದೆ ಅನ್ನೋ ಲೆಕ್ಕ), ಅಳೆಯಬೇಕು ಅಂತ ಹೊರಟು ಇವತ್ತಿಗೆ ನಾಲ್ಕು ದಿನ.

ಶಹಾಬಾದ್ ಕಲ್ಲಿನ ಕಪಾಟಿನಿಂದ ಒಂದು ಕಟ್ಟಿಗೆ ಹೊರಚಾಚಿದ್ದೇನೆ. ಅದರಿಂದ ಗೌಂಡಿಗಳು ಗೋಡೆ ನೆಟ್ಟಗಿದೆಯಾ ಅಂತ ನೋಡುವ ಹಿತ್ತಾಳೆ ಗುಂಡನ್ನು ದಾರ ಕಟ್ಟಿ ಇಳಿಬಿಟ್ಟಿದ್ದೇನೆ. ಹೀಗೆ ತೂಗಾಡುವ ಗುಂಡೇ ನನ್ನ ಲೋಲಕ. ಫ್ಯಾನ್ ಗಾಳಿಗೆ ಗುಂಡು ಗಿರಗಿರ ಸುತ್ತುತ್ತದೆ. ಫ್ಯಾನ್ ಬಂದ್ ಮಾಡಿ ಈ ಬಿಸಿಲಲ್ಲಿ ಕೂರೋಕಾಗಲ್ಲ ಅಲ್ವಾ, ಹಾಗಾಗಿ ಬೆಳಗ್ಗೆ ಆರಕ್ಕೇ ಕೆಲಸ.

ಮೊದಲ ದಿನ ದಾರ ಸರಿಯಾಗಿ 1 ಮೀಟರ್. 20 ಸಲ ಹೋಗಿ ಬರಲು 40.8 ಸೆಕೆಂಡ್. ಒಂದು ಸಲಕ್ಕೆ 2.04. ಉದ್ದವನ್ನು 4π² ಇಂದ ಗುಣಿಸಿ, ಕಾಲದ ವರ್ಗದಿಂದ ಭಾಗಿಸಿದರೆ ಜಿ ಸಿಗಬೇಕು. ಪುಸ್ತಕದಲ್ಲಿರುವುದು 9.8, ನನಗೆ ಸಿಕ್ಕಿದ್ದು 9.49. ಎರಡು ದಿನ ಅಳೆದದ್ದನ್ನೇ ಅಳೆದೆ, ಉತ್ತರ ಅಲ್ಲೇ ನಿಂತಿತು.

ಒಂಬತ್ತನೇ ಕ್ಲಾಸಿನ ಅಣ್ಣನ ಮಗಳು ನೋಡಿ ಕೇಳಿದಳು: "ಕಾಕಾ, ಗುಂಡು ಲೆಕ್ಕದಾಗ ಬರಲ್ಲೇನ್ರಿ?"

ನಾನು ಗಂಟಿನ ತನಕ ಮಾತ್ರ ಅಳೆದಿದ್ದೆ! ಲೋಲಕದ ಉದ್ದ ಗುಂಡಿನ ತೂಕದ ನಡುವಿನ ತನಕ ಬರಬೇಕು. ಇನ್ನೂ 3 ಸೆಂ.ಮೀ. ಸೇರಿಸಿದೆ. ಜಿ 9.77ಕ್ಕೆ ಬಂತು. ಇಬ್ಬರೂ ಕುಣಿದುಬಿಟ್ಟೆವು.

ಆಮೇಲೆ ಸುಮ್ನೆ ಬಿಡಲಿಲ್ಲ. ಸ್ವಲ್ಪ ಎಳೆದು ಬಿಟ್ಟರೂ, ಅದರ ಎರಡರಷ್ಟು ಎಳೆದು ಬಿಟ್ಟರೂ ಕಾಲ ಅದೇ. ನನಗೆ ತುಂಬಾ ಇಷ್ಟವಾದದ್ದು ಇದೇ. ಎರಡರಷ್ಟು ದೂರ ಹೋದ ಗುಂಡನ್ನು ನಡುವಿಗೆ ಎಳೆಯುವ ಬಲವೂ ಎರಡರಷ್ಟಾಗುತ್ತದೆ. ದಾರಿ ಉದ್ದ, ಆದರೆ ಓಟವೂ ಜೋರು. ಇಂಥ ಓಲಾಟಕ್ಕೆ ಸರಳ ಸಂಗತ ಚಲನೆ ಅಂತಾರೆ, ಅದರ ಜೀವಾಳ ಇಷ್ಟೇ. ಆದರೆ 60 ಡಿಗ್ರಿ ಎಳೆದು ಬಿಟ್ಟಾಗ 20 ಸುತ್ತಿಗೆ ಹೆಚ್ಚುಕಡಿಮೆ 43 ಸೆಕೆಂಡ್ ಆಯಿತು. ಅಷ್ಟು ದೂರದಲ್ಲಿ ಎಳೆತ ದೂರದಷ್ಟೇ ಬೆಳೆಯುವುದಿಲ್ಲ, ಹಿಂದೆ ಬೀಳುತ್ತದೆ. ಹಾಗಾಗಿ ಅಳತೆಗೆ 10 ಡಿಗ್ರಿ ದಾಟಿಸುತ್ತಿಲ್ಲ.

ಪುಸ್ತಕದಲ್ಲಿ 9.8 ಅಂತ ಇರುತ್ತದೆ, ಆದರೆ ಜಿ ಎಲ್ಲ ಕಡೆ ಒಂದೇ ಅಲ್ಲ. 1672ರಲ್ಲಿ ಫ್ರೆಂಚ್ ಖಗೋಳಜ್ಞ ಝಾನ್ ರಿಷೆ ಪ್ಯಾರಿಸ್‌ನಿಂದ ಭೂಮಧ್ಯರೇಖೆ ಹತ್ತಿರದ ಕಯೆನ್‌ಗೆ ಹೋದಾಗ ಅವರ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಅಲ್ಲಿ ಎಳೆತ ಕಡಿಮೆ. ನಮ್ಮೂರು 17 ಡಿಗ್ರಿ ಉತ್ತರದಲ್ಲಿದೆ, ಇಲ್ಲಿ 9.78ರ ಆಸುಪಾಸು ಬರಬೇಕು.

ನನ್ನ 9.77 ನೋಡಿ ಹಿಗ್ಗುವ ಹಾಗಿಲ್ಲ. ಕೈ 0.1 ಸೆಕೆಂಡ್ ತಡವಾದರೂ ಉತ್ತರ 0.05ರಷ್ಟು ಜಾರುತ್ತದೆ. ನಾಳೆ 100 ಸುತ್ತು ಎಣಿಸುತ್ತೇವೆ, ಆಗ ಅದೇ ತಪ್ಪು 0.01ಕ್ಕೆ ಇಳಿಯುತ್ತದೆ. ಎಣಿಸುವುದು ಅವಳು, ಸ್ಟಾಪ್‌ವಾಚ್ ನಾನು.