ಆ ದುಡ್ಡನ್ನೂ ಮಕ್ಕಳಿಗೇ ಕೊಡಬಾರದೇ?

ಸಭೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ವಿಜ್ಞಾನದಲ್ಲಿ ಮಹಿಳೆಯರು, ಬಡ ಮನೆಗಳಿಂದ ಬಂದವರು, ಹುಟ್ಟಿನ ಕಾರಣಕ್ಕೆ ಹೊರಗುಳಿದವರು, ಅಂಗವಿಕಲರು ಕಡಿಮೆ. ಅವರಿಗೆ ವಿದ್ಯಾರ್ಥಿವೇತನ ಕೊಡಲಿ, ಒಪ್ಪೋಣ. ಆದರೆ ಅವರು ಏಕೆ ಕಡಿಮೆ, ಏನು ಮಾಡಿದರೆ ಹೆಚ್ಚುತ್ತಾರೆ ಎಂದು ಸಂಶೋಧನೆ ನಡೆಸುವುದಕ್ಕೆ ಬೇರೆ ಅನುದಾನ ಏಕೆ? ಆ ದುಡ್ಡನ್ನೂ ಮಕ್ಕಳಿಗೇ ಕೊಡಬಾರದೇ?

ಕೇಳುವವರ ಕಳಕಳಿ ದೊಡ್ಡದು. ಎಷ್ಟೋ ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ನನ್ನ ಮನಸ್ಸು ಬದಲಾದದ್ದು ಒಬ್ಬ ವಿದ್ಯಾರ್ಥಿನಿಯಿಂದ.

ಅವಳ ಪ್ರಬಂಧ ದೊಡ್ಡ ಸಮ್ಮೇಳನವೊಂದಕ್ಕೆ ಆಯ್ಕೆಯಾಗಿತ್ತು. ಅವಳಂಥವರಿಗೆಂದೇ ಪ್ರಯಾಣ ಭತ್ಯೆಯ ನಿಧಿಯೂ ಇತ್ತು. ಆದರೂ ಅವಳು, "ಮನೆಯಲ್ಲಿ ಕೆಲಸವಿದೆ ಸರ್, ಹೋಗುವುದಿಲ್ಲ" ಎಂದಳು. ನಾನು ನಂಬಿದೆ, ಸ್ವಲ್ಪ ಬೇಸರವನ್ನೂ ಪಟ್ಟುಕೊಂಡೆ. ನಿಜ ಗೊತ್ತಾದದ್ದು ಎರಡು ವರ್ಷದ ಮೇಲೆ. ಟಿಕೆಟ್, ನೋಂದಣಿ, ವಸತಿ ಎಲ್ಲಕ್ಕೂ ಮೊದಲು ಕೈಯಿಂದ ಹಾಕಿ, ರಸೀದಿ ಕೊಟ್ಟು, ತಿಂಗಳುಗಟ್ಟಲೆ ಕಾದು ಹಣ ವಾಪಸು ಪಡೆಯಬೇಕಿತ್ತು. ತನ್ನ ವೇತನದಲ್ಲಿ ಅರ್ಧವನ್ನು ಮನೆಗೆ ಕಳುಹಿಸುತ್ತಿದ್ದವಳ ಕೈಯಲ್ಲಿ ಮುಂಗಡ ಹಾಕಲು ಏನಿತ್ತು? ಆ ವರ್ಷ ನಿಧಿಯಲ್ಲಿ ಹಣ ಖರ್ಚಾಗದೆ ಉಳಿಯಿತು. "ಅರ್ಜಿ ಬರಲಿಲ್ಲ" ಎಂದು ಕಡತದಲ್ಲಿ ಬರೆದರು. ದುಡ್ಡು ಇತ್ತು, ಅದು ಅವಳನ್ನು ತಲುಪುವ ದಾರಿ ಇರಲಿಲ್ಲ. ಅವಳನ್ನು ಕೂರಿಸಿಕೊಂಡು ಕೇಳುವವರೆಗೆ ಅದು ನನಗೂ ಕಂಡಿರಲಿಲ್ಲ. ಹೀಗೆ ಕೇಳುವುದನ್ನೇ ಕ್ರಮಬದ್ಧವಾಗಿ, ಸಾವಿರಾರು ಜನರ ನಡುವೆ, ವರ್ಷಗಟ್ಟಲೆ ಮಾಡುವುದು ಈ ಸಂಶೋಧನೆಯ ಕೆಲಸ.

1997ರಲ್ಲಿ ಸ್ವೀಡನ್ನಿನ ಕ್ರಿಸ್ಟೀನ್ ವೆನ್ನೆರಾಸ್ ಮತ್ತು ಆಗ್ನೆಸ್ ವೋಲ್ಡ್ ಅಲ್ಲಿಯ ವೈದ್ಯಕೀಯ ಸಂಶೋಧನಾ ಮಂಡಳಿ ಫೆಲೋಶಿಪ್ ಅರ್ಜಿದಾರರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿ ಬರೆದರು. ಆ ಕಡತಗಳನ್ನು ನೋಡಲು ಅವರು ನ್ಯಾಯಾಲಯದವರೆಗೂ ಹೋಗಬೇಕಾಯಿತು. ಪುರುಷ ಅರ್ಜಿದಾರರಿಗೆ ಸಿಕ್ಕಷ್ಟೇ ಸಾಮರ್ಥ್ಯದ ಅಂಕ ಸಿಗಬೇಕಾದರೆ ಮಹಿಳೆಯೊಬ್ಬಳು ಸುಮಾರು ಎರಡೂವರೆ ಪಟ್ಟು ಹೆಚ್ಚು ಪ್ರಕಟಣೆಯ ಸಾಧನೆ ತೋರಿಸಬೇಕಿತ್ತು ಎಂಬುದು ಹೊರಬಿತ್ತು. ಮೌಲ್ಯಮಾಪಕರನ್ನು ಕೇಳಿದ್ದರೆ ತಾವು ಕೆಲಸವನ್ನಷ್ಟೇ ನೋಡುತ್ತೇವೆ ಎಂದೇ ಹೇಳುತ್ತಿದ್ದರು, ಅದೂ ಪ್ರಾಮಾಣಿಕವಾಗಿ. ಲೆಕ್ಕ ಹಾಕದೆ ಇಂಥದ್ದು ತಿಳಿಯುವುದಿಲ್ಲ. ಹಬಲ್ ದೂರದರ್ಶಕದ ಸಮಯ ಕೋರಿ ಬರುವ ಪ್ರಸ್ತಾವಗಳಲ್ಲಿ 2018ರಿಂದ ಅರ್ಜಿದಾರರ ಹೆಸರನ್ನು ಮುಚ್ಚಿಟ್ಟರು. ಹಾಗೆ ಮುಚ್ಚಿಟ್ಟ ಮೊದಲ ಸುತ್ತಿನಲ್ಲೇ ಮಹಿಳೆಯರ ಯಶಸ್ಸಿನ ಪ್ರಮಾಣ ಪುರುಷರದನ್ನು ತುಸು ದಾಟಿತು. ಖರ್ಚಾದದ್ದು ಎಷ್ಟು ಹೇಳಿ!

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನಗಳ ಕುರಿತು 2011ರಲ್ಲಿ ಡೊನ್ನಾ ಗಿಂಥರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನನ್ನನ್ನು ಹೆಚ್ಚು ಕಾಡಿದೆ. ಓದು, ತರಬೇತಿ, ಪ್ರಕಟಣೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ವಿಜ್ಞಾನಿಗಳಿಗೆ ಅನುದಾನ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾಂಶ ಕಡಿಮೆ ಇತ್ತು. ಕಾರಣ ಹುಡುಕುತ್ತಾ ಹೋದ ಇನ್ನೊಂದು ತಂಡ 2019ರಲ್ಲಿ ಯಾರೂ ಅಷ್ಟಾಗಿ ಯೋಚಿಸದಿದ್ದ ಎಳೆಯೊಂದನ್ನು ಹಿಡಿಯಿತು. ಕಪ್ಪು ವಿಜ್ಞಾನಿಗಳು ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದದ್ದು ಸಮುದಾಯದ ಆರೋಗ್ಯದಂಥ ವಿಷಯಗಳನ್ನು. ಆ ವಿಷಯಗಳಿಗೇ ಅನುದಾನ ಸಿಗುವುದು ಕಡಿಮೆ. ಅಂತರದ ಐದನೇ ಒಂದು ಭಾಗಕ್ಕೂ ಹೆಚ್ಚು ಇದರಿಂದಲೇ ಬಂದಿತ್ತು. ಅಂದರೆ ತನ್ನ ಜನರ ಕಾಯಿಲೆಯ ಬಗ್ಗೆ ಪ್ರಶ್ನೆ ಕೇಳಿದವರು ಆ ಪ್ರಶ್ನೆಗಾಗಿಯೇ ಹಿಂದೆ ಬೀಳುತ್ತಿದ್ದರು. ಎಷ್ಟು ವಿದ್ಯಾರ್ಥಿವೇತನ ಹಂಚಿದರೆ ಇದು ಸರಿಹೋದೀತು?

ಮಾಡಿ ಗೆದ್ದ ಪ್ರಯೋಗಗಳೂ ಇವೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ 1988ರಲ್ಲಿ, ವಿಜ್ಞಾನ ಓದುವ ಕಪ್ಪು ವಿದ್ಯಾರ್ಥಿಗಳಿಗೆಂದು ಮೇಯರ್‌ಹಾಫ್ ಕಾರ್ಯಕ್ರಮ ಶುರುವಾಯಿತು. ಗಣಿತಜ್ಞ ಫ್ರೀಮನ್ ಹ್ರಬೋವ್‌ಸ್ಕಿ ಅದನ್ನು ಕಟ್ಟಿದವರಲ್ಲಿ ಪ್ರಮುಖರು. ಅಲ್ಲಿ ಹಣದ ಜೊತೆಗೆ ಮೊದಲ ತರಗತಿಗೂ ಮುಂಚಿನ ಬೇಸಿಗೆ ಶಿಬಿರ, ಗುಂಪಾಗಿ ಕೂತು ಓದುವ ಕಟ್ಟಳೆ, ಬೇಗನೇ ಪ್ರಯೋಗಾಲಯದ ಕೆಲಸ, ಹಿಂದೆ ಬಿದ್ದಾಗ ಕರೆದು ಮಾತನಾಡಿಸುವ ಹಿರಿಯರು ಇದ್ದರು. ಮೊದಲಿನಿಂದಲೂ ಫಲಿತಾಂಶವನ್ನು ಅಳೆದು ದಾಖಲಿಸಿದ್ದರಿಂದಲೇ ಮುಂದೆ ಚಾಪೆಲ್ ಹಿಲ್ ಮತ್ತು ಪೆನ್ ಸ್ಟೇಟ್‌ನಂಥ ದೊಡ್ಡ ವಿಶ್ವವಿದ್ಯಾಲಯಗಳು ಅದನ್ನು ತಮ್ಮಲ್ಲಿ ನೆಡಲು ಸಾಧ್ಯವಾಯಿತು. ಬೇರೆ ಮಣ್ಣಿನಲ್ಲೂ ಅದು ಬೇರುಬಿಟ್ಟಿತು.

ಈ ಹೆಸರಿನಲ್ಲಿ ದುಡ್ಡು ಪೋಲಾಗುವುದಿಲ್ಲವೇ? ಆಗುತ್ತದೆ. ಒಂದು ದಿನದ ಕಾರ್ಯಾಗಾರ, ಒಂದು ಬ್ಯಾನರ್, ಒಂದು ಗುಂಪು ಫೋಟೊ, ಕೊನೆಗೆ "ಉಪಯುಕ್ತವಾಗಿತ್ತೇ?" ಎಂಬ ಒಂದು ಹಾಳೆ. ಅದನ್ನು ನಾನು ಸಂಶೋಧನೆ ಎನ್ನುವುದಿಲ್ಲ. ನನ್ನ ದೊಡ್ಡ ತಕರಾರು ಅವಧಿಯದು. ವಿದ್ಯಾರ್ಥಿಯೊಬ್ಬಳು ವಿಜ್ಞಾನಿಯಾಗಿ ನೆಲೆ ನಿಲ್ಲಲು ಹತ್ತು ಹದಿನೈದು ವರ್ಷ ಬೇಕು. ಅನುದಾನ ಕೊಡುವುದು ಮೂರೋ ಐದೋ ವರ್ಷಕ್ಕೆ. ಪೈರು ತೆನೆ ಬಿಡುವ ಮೊದಲೇ ಇಳುವರಿಯ ಲೆಕ್ಕ ಕೇಳಿದಂತೆ. ಅನುದಾನ ಕೊಡುವವರು ನನ್ನನ್ನು ಕೇಳಿದರೆ ಮೊತ್ತವನ್ನು ಕಡಿಮೆ ಮಾಡಿಯಾದರೂ ಅವಧಿಯನ್ನು ಉದ್ದ ಮಾಡಿ ಎನ್ನುತ್ತೇನೆ.

ನಮ್ಮ ವಿಭಾಗದಲ್ಲಿ ಈಗ ಪ್ರಯಾಣದ ಟಿಕೆಟ್ಟನ್ನು ಕಚೇರಿಯೇ ಕೊಳ್ಳುತ್ತದೆ, ನೋಂದಣಿ ಶುಲ್ಕವನ್ನೂ ಅದೇ ನೇರವಾಗಿ ಕಟ್ಟುತ್ತದೆ. ನಿಧಿಗೆ ಒಂದು ರೂಪಾಯಿಯೂ ಹೊಸದಾಗಿ ಸೇರಲಿಲ್ಲ. ಈ ಸಲ ಮಾರ್ಚ್ ಬರುವ ಮೊದಲೇ ಅದು ಖಾಲಿಯಾಗಿದೆ, ಇನ್ನೂ ನಾಲ್ಕು ಅರ್ಜಿಗಳು ನನ್ನ ಮೇಜಿನ ಮೇಲಿವೆ.