ಆಲಂ ಏರಿಸಿದಷ್ಟೂ ನೀರು ಕೆಟ್ಟಿತು

ನಾನು ಕುಡಿಯುವ ನೀರು ಶುದ್ಧೀಕರಿಸುವ ಘಟಕದ ಲ್ಯಾಬಿನಲ್ಲಿ ಕೆಮಿಸ್ಟ್. ನಮ್ಮದು ಮಲೆನಾಡಿನ ಹೊಳೆ ನೀರು. ಬೇಸಿಗೆಯಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿ. ಮಳೆ ಹಿಡಿದರೆ ರಾತ್ರಿ ಬೆಳಗಾಗುವಷ್ಟರಲ್ಲಿ ಕೆಂಪು.

ಅದು ನನ್ನ ಮೊದಲ ಮಳೆಗಾಲ. ಕೆಸರು ಕೂರಿಸಲು ಲೀಟರಿಗೆ 30 ಮಿಲಿಗ್ರಾಂ ಆಲಂ, ಅಂದರೆ ಅಲ್ಯೂಮಿನಿಯಂ ಸಲ್ಫೇಟ್, ಹಾಕುತ್ತಿದ್ದೆವು. ಸಾಲಲಿಲ್ಲ ಅಂತ 40 ಮಾಡಿದೆವು, ಆಮೇಲೆ 50. ನೀರು ತಿಳಿಯಾಗುವ ಬದಲು ಹಾಲು ಬೆರೆಸಿದ ಹಾಗೆ ಮಬ್ಬಾಯಿತು. "ಇನ್ನೊಂದು ಹತ್ತು ಏರಿಸೋಣ್ವಾ ಮೇಡಂ?" ಎಂದರು ಆಪರೇಟರ್. ಹೂಂ ಅನ್ನುವ ಮೊದಲು ಪಿಎಚ್ ನೋಡಿದೆ. ನೀರಿನ ಹುಳಿ, ಕ್ಷಾರದ ಅಳತೆ ಅದು; 7 ತಟಸ್ಥ, ಅದಕ್ಕಿಂತ ಇಳಿದಷ್ಟೂ ಹುಳಿ. 5.4! ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಹೇಳುವುದು 6.5ರಿಂದ 8.5. ಎದೆ ಧಸಕ್ಕೆಂದಿತು.

"ಆಲಂ ಒಂದು ಉಪ್ಪು ತಾನೇ ಮೇಡಂ? ಉಪ್ಪು ಹಾಕಿದ್ರೆ ನೀರು ಹುಳಿ ಯಾಕಾಗುತ್ತೆ?" ಅವರ ಪ್ರಶ್ನೆ ನ್ಯಾಯವಾದದ್ದೇ. ಅಡುಗೆ ಉಪ್ಪು ಕರಗಿದರೆ ನೀರು ತಟಸ್ಥವಾಗಿಯೇ ಇರುತ್ತದೆ ಅಲ್ವಾ?

ಯಾವ ಉಪ್ಪಾದರೂ ಒಂದು ಆಮ್ಲ, ಒಂದು ಕ್ಷಾರ ಸೇರಿ ಆದದ್ದು. ಎರಡರಲ್ಲಿ ಯಾವುದು ಪ್ರಬಲವೋ ನೀರು ಆ ಕಡೆ ವಾಲುತ್ತದೆ. ಅಡುಗೆ ಉಪ್ಪಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಕಾಸ್ಟಿಕ್ ಸೋಡಾ ಎರಡೂ ಪ್ರಬಲ, ಅದಕ್ಕೇ ತಟಸ್ಥ. ವಾಷಿಂಗ್ ಸೋಡಾದಲ್ಲಿ ಕ್ಷಾರ ಪ್ರಬಲ, ಕಾರ್ಬೋನಿಕ್ ಆಮ್ಲ ದುರ್ಬಲ. ಅದು ಕ್ಷಾರದ ಕಡೆ. ನಾವು ದಿನಾ ಕಲಸುವ ಬ್ಲೀಚಿಂಗ್ ಪೌಡರೂ ಹಾಗೇ. ಎರಡೂ ದುರ್ಬಲವಾದರೆ ಬಲಾಬಲ ತೂಗಿ ನೋಡಬೇಕು. ಅಮೋನಿಯಂ ಅಸಿಟೇಟಿನಲ್ಲಿ ಎರಡೂ ಹೆಚ್ಚುಕಮ್ಮಿ ಸಮ, ಪಿಎಚ್ 7ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಆಲಂನಲ್ಲಿ ಸಲ್ಫ್ಯೂರಿಕ್ ಆಮ್ಲ ಪ್ರಬಲ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ತೀರಾ ದುರ್ಬಲ. ನೀರಿಗೆ ಬಿದ್ದಾಗ ಸಲ್ಫೇಟ್ ತನ್ನ ಪಾಡಿಗೆ ಸುಮ್ನಿರುತ್ತದೆ. ಅಲ್ಯೂಮಿನಿಯಂ ಅಯಾನು ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಎಳೆದು, ಅವುಗಳಿಂದ ಹೈಡ್ರೋಜನ್ ಅಯಾನು ಕಳಚುವಂತೆ ಮಾಡುತ್ತದೆ. ಹುಳಿ ಬರುವುದು ಅಲ್ಲಿಂದ. ಉಳಿದ ಹೈಡ್ರಾಕ್ಸೈಡ್ ಹತ್ತಿಯ ಎಳೆಯ ಹಾಗೆ ಗಂಟುಕಟ್ಟಿ ಕೆಸರನ್ನು ಹಿಡಿದುಕೊಂಡು ಕೂರುತ್ತದೆ. ಆ ಹುಳಿಯನ್ನು ನುಂಗುವುದು ನೀರಿನಲ್ಲಿ ಮೊದಲೇ ಇರುವ ಬೈಕಾರ್ಬೋನೇಟ್. ಅದು ಮುಗಿದರೆ ಗಂಟು ಸರಿಯಾಗಿ ಕಟ್ಟುವುದಿಲ್ಲ, ಅಲ್ಯೂಮಿನಿಯಂ ನೀರಲ್ಲೇ ಕರಗಿ ಉಳಿಯುತ್ತದೆ. ನನ್ನನ್ನು ಹೆದರಿಸಿದ್ದು ಇದೇ. ಅಲ್ಯೂಮಿನಿಯಂಗೆ ಲೀಟರಿಗೆ 0.2 ಮಿಲಿಗ್ರಾಂ ಗರಿಷ್ಠ ಮಿತಿ.

ಹೊಳೆ ನೀರಿನ ಆಲ್ಕಲಿನಿಟಿ, ಅಂದರೆ ಹುಳಿ ನುಂಗುವ ಶಕ್ತಿ, ಅಳೆದರೆ ಲೀಟರಿಗೆ ಬರೀ 28 ಮಿಲಿಗ್ರಾಂ. ಒಂದು ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಆಲ್ಕಲಿನಿಟಿ ತಿನ್ನುತ್ತದೆ. 50 ಹಾಕಿದರೆ 25 ಹೋಯಿತು. ಉಳಿದದ್ದು ಮೂರು! ಈ ಲೆಕ್ಕ ಮಾಡಲು ಎರಡು ನಿಮಿಷ ಸಾಕಿತ್ತು. ಆಲಂ ಏರಿಸುವ ಮೊದಲೇ ಮಾಡಬೇಕಿತ್ತು.

ಕಳೆದುಹೋದ ಆಲ್ಕಲಿನಿಟಿಯನ್ನು ಸುಣ್ಣ ತುಂಬಿಕೊಡುತ್ತದೆ. ಎಷ್ಟು ಬೇಕೆಂದು ತಿಳಿಯಲು ಆರು ಜಾರಿನಲ್ಲಿ ಹೊಳೆ ನೀರಿಟ್ಟು ಜಾರ್ ಟೆಸ್ಟ್ ಮಾಡಿದೆ. ಎಲ್ಲದಕ್ಕೂ ಆಲಂ 50, ಸುಣ್ಣ ಮಾತ್ರ ಒಂದೊಂದಕ್ಕೆ ಒಂದೊಂದು ಅಳತೆ. ಲೀಟರಿಗೆ 15 ಮಿಲಿಗ್ರಾಂ ಸುಣ್ಣ ಬಿದ್ದ ನಾಲ್ಕನೇ ಜಾರಿನಲ್ಲಿ ಪಿಎಚ್ 7ರ ಹತ್ತಿರ ಬಂತು. ಕಡ್ಡಿ ನಿಧಾನಕ್ಕೆ ತಿರುಗುತ್ತಿದ್ದಂತೆ ಮೊದಲು ಚುಕ್ಕೆ, ಆಮೇಲೆ ಅಕ್ಕಿ ನುಚ್ಚಿನಷ್ಟು ದಪ್ಪದ ಗಂಟುಗಳು. ಆಪರೇಟರ್ ಜಾರಿನ ಮಟ್ಟಕ್ಕೆ ಬಗ್ಗಿ, ಕಿಟಕಿ ಬೆಳಕಿಗೆ ಕಣ್ಣು ಕಿರಿದು ಮಾಡಿದರು.

"ಕೂರ್ತಾ ಇದೆ ನೋಡಿ ಮೇಡಂ."